ಯಂತ್ರ ತೋರಿಸಿದ ಗೀಟು

ದೇವಣಗಾಂವ, ೧೨-೧೧-೨೦೦೮, ಬುಧವಾರ

ಆ ಎರಡು ಗೀಟುಗಳು ಎರಡು ವಾರದಿಂದ ನನ್ನ ನಿದ್ದೆ ಕೆಡಿಸಿದ್ದವು. ವಿಷಮಜ್ವರದಿಂದ ಎದ್ದ ಹೆಂಡತಿ ರುಕ್ಮವ್ವನ ಮೈಗೆ ಕಸುವು ಬರುತ್ತಿದೆಯೋ ಇಲ್ಲವೋ ನೋಡೋಣವೆಂದು ದೀಪಾವಳಿಗೆ ಸಿಂದಗಿಯ ಗೆಳೆಯ ಮಂಜೂರನ ಅಂಗಡಿಯಿಂದ ತೂಕದ ಯಂತ್ರ ತಂದಿದ್ದೆ. ಮೈಯಲ್ಲಿ ಕೊಬ್ಬೆಷ್ಟು, ಮಾಂಸಖಂಡವೆಷ್ಟು ಎಂದೂ ಅದು ತೋರಿಸುತ್ತದೆ. ಅವಳು ಏರಿದಾಗಲೆಲ್ಲ ತೂಕವೇನೋ ಬರುತ್ತಿತ್ತು. ಕೊಬ್ಬು, ಮಾಂಸಖಂಡ ಎರಡರ ಜಾಗದಲ್ಲೂ ಅಂಕಿಯ ಬದಲು ಬರೀ ಗೀಟು.

"ಮೈಯಾಗ ಏನೂ ಉಳದಿಲ್ಲಂತ ಮಷಿನ್ನ ಹೇಳಾಕತ್ತೈತಿ. ನೀವ್ಯಾಕ ಮುಚ್ಚಿಡ್ತೀರಿ?" ಎಂದು ನಿನ್ನೆ ಕೇಳಿದಳು. 

ಇವತ್ತು ಸಿಂದಗಿಯಿಂದ ಬಂದ ಮಂಜೂರ ಅವಳು ನಿಂತದ್ದನ್ನು ನೋಡಿ ನಕ್ಕುಬಿಟ್ಟ. "ವೈನಿ, ಮಷಿನ್ನಿಗೆ ಕುಬಸ ಯಾಕ ತೊಡಿಸೀರಿ? ಬರಿಗಾಲು ತಾಗಿದರನ ಅದು ಲೆಕ್ಕಾ ಹಿಡಿತೈತಿ."

ಪೂಜೆಯಾದ ಸಾಮಾನಿಗೆ ಪಾದ ತಾಗಬಾರದೆಂದು ಇವಳು ಕುಬಸ ಹೊಲಿಸುವ ಖಣದ ಬಟ್ಟೆ ಹಾಸಿ ನಿಲ್ಲುತ್ತಿದ್ದಳು. ದೀಪಾವಳಿ ಪೂಜೆಯಲ್ಲಿ ಅದಕ್ಕೆ ಕುಂಕುಮ ಹಚ್ಚಿದವನು ನಾನೇ.

ಬಟ್ಟೆ ತೆಗೆದಳು. ಯಂತ್ರವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಏರಿದಳು. ಮಾಂಸಖಂಡ ನೂರಕ್ಕೆ ಇಪ್ಪತ್ಮೂರು.

"ಇನ್ನೂ ಕಡಿಮಿ ಐತ್ರಿ. ಆದರ ಉಂಡಂಗ ಉಂಡಂಗ ಏರತೈತಿ," ಎಂದ ಮಂಜೂರ. ಅಂಕಿ ಮಾಯವಾಗುವವರೆಗೂ ಅವಳು ಅದನ್ನೇ ನೋಡುತ್ತ ನಿಂತಿದ್ದಳು.

ಆಮೇಲೆ "ಈಗ ನೀವು ಏರ್ರಿ" ಎಂದಳು. ಏರಿದೆ. ನನ್ನ ಕೊಬ್ಬಿನ ಲೆಕ್ಕ ನೋಡಿ ಬಾಗಿಲು ಹಿಡಿದುಕೊಂಡು ನಕ್ಕಳು. ಜ್ವರ ಬಂದಂದಿನಿಂದ ಈ ನಗು ಕೇಳಿರಲಿಲ್ಲ.

ನಿದ್ದೆಗೆ ಕಣ್ಣು ಎಳೆಯುತ್ತಿದೆ. ನನ್ನ ಅಂಕಿಯನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ.