ನೊಗ ಕಾಣದ ಎತ್ತುಗಳು

ಮತ್ತೋಡು ಹತ್ತಿರದ ಗೊಲ್ಲರಹಟ್ಟಿ,
ಪರಾಭವ ಸಂವತ್ಸರ, ಆಷಾಢ ಶುದ್ಧ ಪಂಚಮಿ

ಮಗ ಕಾಟಯ್ಯನಿಗೆ ನಿನ್ನವ್ವ ಜುಂಜಮ್ಮನ ಆಶೀರ್ವಾದ.

ಮೈ ಹೇಗಿದೆಯಪ್ಪ? ಮಾರಿಕಣಿವೆ ಕಟ್ಟೆಯ ಕಲ್ಲು ಹೊತ್ತು ನಿನ್ನ ಭುಜ ಬಾತಿದೆಯೆಂದು ಹಿರಿಯೂರು ಸಂತೆಗೆ ಹೋದವರು ಹೇಳಿದರು. ಹರಳೆಣ್ಣೆ ಹಚ್ಚಿ ಬಿಸಿನೀರು ಹಾಕಿಕೋ. ನಿನ್ನ ಹೆಂಡತಿ ಚಿತ್ತಮ್ಮ, ಕೂಸು ಚೆನ್ನಾಗಿದ್ದಾರೆ. ನಾನು ಸಿಟ್ಟಿನಲ್ಲೇ ಗಟ್ಟಿಯಾಗಿದ್ದೇನೆ. ಇದನ್ನು ಬರೆಯುತ್ತಿರುವವರು ಮತ್ತೋಡು ಶಾಲೆಯ ಮುರುಗೇಶಪ್ಪ ಮೇಷ್ಟ್ರು. ನಾನು ಬೈದದ್ದನ್ನೆಲ್ಲ ಬರೆಯುವುದಿಲ್ಲವಂತೆ. ಬಿಟ್ಟದ್ದನ್ನು ನೀನೇ ತುಂಬಿಕೋ.

ನಮ್ಮ ಉಳುವ ಜೋಡಿ ದನಗಳ ದೊಡ್ಡರೋಗದಲ್ಲಿ ಹೋದದ್ದು ನಿನಗೆ ಗೊತ್ತು. ಹಾಗೆ ಎತ್ತು ಕಳೆದುಕೊಂಡವರಿಗೆ ಹೊಸ ಜೋಡಿ ಕೊಳ್ಳಲು ಸರ್ಕಾರ ತಗಾವಿ ಸಾಲ ಕೊಡುತ್ತದೆಂದು ತಮಟೆ ಹೊಡೆಸಿದರು. ತನಿಖೆಗೆ ಕಂದಾಯದ ಶೇಕದಾರ ಹಟ್ಟಿಗೇ ಬಂದ. ಬೇಲಿಯ ಆಚೆ ಮೆಟ್ಟು ಬಿಡಿ ಎಂದದ್ದಕ್ಕೇ ಅವನ ಮುಖ ಹುಳ್ಳಗಾಗಿತ್ತು. ಅದೇ ಹೊತ್ತಿಗೆ ನಮ್ಮ ಜುಂಜಪ್ಪ ದೇವರ ದನ ಮೇವಿನಿಂದ ಬಂದವು. ಇವು ಯಾರವು ಎಂದು ಕೇಳಿದ. ಈ ವರ್ಷ ಅವನ್ನು ಕಾಯುವ ಪಾಳಿ ನಿಮ್ಮಪ್ಪನದು, ಆ ಹೆಮ್ಮೆಯಲ್ಲಿ ರುಮಾಲು ಸರಿಮಾಡಿಕೊಂಡು ಹೇಳಿದ: "ನಮ್ಮವೇ ಸ್ವಾಮಿ. ಒಂದು ಕರಾನೂ ಬ್ಯಾರೆಯೋರ್ದಲ್ಲ." ಹಟ್ಟಿಯಲ್ಲಿ ಯಾರನ್ನು ಕೇಳಿದ್ದರೂ ಇದನ್ನೇ ಹೇಳುತ್ತಿದ್ದರು. ದೇವರ ದನ ನಮ್ಮವಲ್ಲ ಅನ್ನಲು ನಮಗೆ ನಾಲಿಗೆ ಏಳುತ್ತದೆಯೇ? ಅವುಗಳ ಹೆಗಲಿಗೆ ನೊಗ ಸೋಕಬಾರದೆಂದು ಶೇಕದಾರನಿಗೇನು ಗೊತ್ತು? ಇಷ್ಟು ಎತ್ತಿರುವವನಿಗೆ ತಗಾವಿ ಯಾಕೆ ಎಂದು ಬರೆದುಕೊಂಡು ಹೋದ.

ಊರೊಳಗಿನ ಅಂಗಡಿ ಪರಮೇಶ್ವರಪ್ಪನ ಮನೆಯಲ್ಲಿ ರೋಗಕ್ಕೆ ಒಂದು ಕರುವೂ ಸತ್ತಿಲ್ಲ. ತನಿಖೆಯ ದಿನ ಎತ್ತುಗಳನ್ನು ಬೀಗರ ಊರಿಗೆ ಅಟ್ಟಿ, ಖಾಲಿ ಕೊಟ್ಟಿಗೆ ತೋರಿಸಿ ಕಣ್ಣೊರೆಸಿಕೊಂಡನಂತೆ. ಅವನಿಗೆ ಹಣ ಬಂತು. ಹೊಟ್ಟೆ ಉರಿಯುವುದಿಲ್ಲವೇನೋ?

ಕಚೇರಿಗೆ ನಾನೇ ನಡೆದೆ. ಅವು ದೇವರವು, ಉಳುವುದಿಲ್ಲ ಎಂದು ಕೈಮುಗಿದು ಹೇಳಿದೆ. ಗುಮಾಸ್ತ ತಲೆಯೆತ್ತದೆ ಹೇಳಿದ: "ನಿಮ್ಮವಾದ್ರೆ ತಗಾವಿ ಇಲ್ಲ. ನಿಮ್ಮವಲ್ಲ ಅಂತ ಹೆಬ್ಬೆಟ್ಟು ಒತ್ತು, ವಾರಸುದಾರರಿಲ್ಲದ ದನ ಅಂತ ದೊಡ್ಡಿಗೆ ಹೊಡ್ಸಿ ಹರಾಜು ಹಾಕ್ತೀವಿ." ಮೇಲಿಂದ ನಕ್ಕ ಬೇರೆ. ಆಗ ನಾನು ಅಂದದ್ದನ್ನು ಮೇಷ್ಟ್ರು ಬರೆಯಲಿಲ್ಲ.

ಆರಿದ್ರೆ ಮಳೆ ಹದವಾಗಿ ಬಿದ್ದಿದೆ. ಎರವಲು ಎತ್ತು ಕೇಳಿದರೆ ಎಲ್ಲರ ಎತ್ತೂ ಅವರವರ ಹೊಲದಲ್ಲೇ. ನಿಮ್ಮಪ್ಪ ಬರುವ ವರ್ಷ ಬಿತ್ತಿದರಾಯಿತು ಅನ್ನುತ್ತಾನೆ. ಅಲ್ಲಿಯವರೆಗೆ ಆ ಬಾಣಂತಿ ಏನು ಉಣ್ಣಬೇಕು, ಅವನ ಹೆಮ್ಮೆಯನ್ನೇ?

ಹೊತ್ತಿಗೆ ಸರಿಯಾಗಿ ಉಣ್ಣು. ಜುಂಜಪ್ಪ ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನವ್ವ,
ಜುಂಜಮ್ಮ (ಹೆಬ್ಬೆಟ್ಟಿನ ಗುರುತು)

ಮತ್ತೆ: ಮೊದಲೇ ಹೇಳಿದ್ದರೆ ಮೇಷ್ಟ್ರು ಎದ್ದುಹೋಗುತ್ತಿದ್ದರು, ಅದಕ್ಕೇ ಈಗ ಬರೆಸುತ್ತಿದ್ದೇನೆ. ಇವತ್ತು ಬೆಳಿಗ್ಗೆ ದೇವರ ಎರಡು ಎತ್ತಿಗೆ ಅಡ್ಡಬಿದ್ದು ನೊಗ ಕಟ್ಟಿದೆ. ಚಿತ್ತಮ್ಮ ಮುಂದೆ ಹಗ್ಗ ಹಿಡಿದಳು. ಸಾಲು ಸೊಟ್ಟಪಟ್ಟ, ಆದರೂ ಒಂದು ಮೂಲೆಗೆ ರಾಗಿ ಬಿದ್ದಿದೆ. ಮಧ್ಯಾಹ್ನದಿಂದ ಹಟ್ಟಿಯವರು ನಮಗೆ ನೀರು, ಬೆಂಕಿ ಕೊಡುತ್ತಿಲ್ಲ. ಸೋಮವಾರ ಹಿರಿಯರು ಕೂಡುತ್ತಾರೆ. ನಮ್ಮನ್ನು ಬೇಲಿಯಾಚೆ ಹಾಕುವುದೇ ಮಾತಂತೆ. ನಿಮ್ಮಪ್ಪ ಅವರ ಕಡೆ ಕೂರುತ್ತಾನೆ. ನೀನು ಯಾರ ಕಡೆಯಾದರೂ ಕೂರು, ಆದರೆ ಬಾ. ನೀನು ಬರುವಷ್ಟರಲ್ಲಿ ಉಳಿದ ಹೊಲವನ್ನೂ ಬಿತ್ತಿರುತ್ತೇನೆ.