ಮೂರನೇ ಡಬ್ಬಿ

ಆಗಸ್ಟ್ ೧೯, ಮಂಗಳವಾರ

ಮೂರನೇ ಡಬ್ಬಿಯ ರೀಡಿಂಗ್ ಮತ್ತೆ ಹಾಗೇ ಬಂದಿದೆ. ಕೆಂಗೇರಿ ಆಚೆಯ ಆ ರಾಗಿ ಹೊಲದಲ್ಲಿ ಮೂರು ಕಡೆ ಡಬ್ಬಿ ಬೋರಲು ಹಾಕಿ, ಮಣ್ಣಿನಿಂದ ಏಳುವ ಗ್ಯಾಸನ್ನು ಸಿರಿಂಜಿನಲ್ಲಿ ಎಳೆದು ಲ್ಯಾಬಿಗೆ ಕೊಡುತ್ತಿದ್ದೇನೆ. ಯೂರಿಯಾ ಕಡಿಮೆ ಮಾಡಿದರೆ, ಭೂಮಿಯನ್ನು ಬಿಸಿ ಮಾಡುವ ಈ ಗ್ಯಾಸೂ ಇಳಿಯಬೇಕು. ಒಂದು ಕಡೆ ಪೂರ್ತಿ ಯೂರಿಯಾ, ಇನ್ನೊಂದು ಕಡೆ ಅರ್ಧ, ಮೂರನೇ ಮೂಲೆಗೆ ಏನೂ ಇಲ್ಲ. ಏನೂ ಹಾಕದ ಮೂಲೆಯಲ್ಲೇ ಎಲ್ಲಕ್ಕಿಂತ ಹೆಚ್ಚು ಬರುತ್ತಿದೆ. ಡಬ್ಬಿ ಬದಲಿಸಿದೆ, ಸಿರಿಂಜು ಬದಲಿಸಿದೆ, ಲ್ಯಾಬಿನ ಸಾಹೇಬರಿಂದ ಬೈಸಿಕೊಂಡೆ.

ಗೊಬ್ಬರ ಕಾಣದ ಜಾಗ ತೋರಿಸಿ ಎಂದಾಗ ಆ ಮೂಲೆ ತೋರಿಸಿದ್ದು ಹೊಲದ ಒಡತಿ ಚಿಕ್ಕಲಕ್ಷ್ಮಮ್ಮನವರೇ. ಇವತ್ತು ಸಂಜೆ ಕೇಳಿಯೇಬಿಟ್ಟೆ: "ಅಮ್ಮ, ಇಲ್ಲಿಗೆ ಯಾರೂ ಏನೂ ಹಾಕಿಲ್ಲ ತಾನೇ?"

"ಇಲ್ಲ ಕಣಮ್ಮ ಕಲಾ. ಯಜಮಾನ್ರನ್ನ ಮಣ್ಣು ಮಾಡಿರೋ ಜಾಗಕ್ಕೆ ಗೊಬ್ಬರ ಯಾಕೆ ಹಾಕ್ತೀವಿ?"

ತುಂಬಿದ ಸಿರಿಂಜು ನನ್ನ ಕೈಯಲ್ಲೇ ಇತ್ತು.

"ಮತ್ತೆ ಡಬ್ಬಿ ಇಡೋಕೆ ಯಾಕಮ್ಮ ಬಿಟ್ರಿ?"

"ನೀನೇ ಹೇಳಿದ್ಯಲ್ಲ, ಮಣ್ಣಿನ ಉಸಿರು ಹಿಡಿಯೋಕೆ ಅಂತ."

ಮೊದಲ ದಿನ, ಬಿಡಿಸಿ ಹೇಳಲು ಬೇಜಾರಾಗಿ ಹಾಗೆ ಅಂದದ್ದು ನಿಜ. ಅಂದಿನಿಂದ ಪ್ರತಿ ಸಲವೂ ಅವರು ಆ ಡಬ್ಬಿಯ ಪಕ್ಕ ಬಂದು ಕೂರುತ್ತಾರೆ. ಹೋದ ಸಲ ಎಷ್ಟು ಬಂತು ಎಂದು ಕೇಳುತ್ತಾರೆ. ಇದರಲ್ಲೇ ಜಾಸ್ತಿ ಅಮ್ಮ ಎಂದರೆ, ಸೆರಗು ಸರಿಮಾಡಿಕೊಂಡು ಸಮಾಧಾನವಾಗಿ ಎದ್ದು ಹೋಗುತ್ತಾರೆ.

ಮೂಡಲಪಾಳ್ಯದ ಮನೆಗೆ ಬಂದ ಮೇಲೆ ಎಷ್ಟು ಸಲ ಕೈ ತೊಳೆದೆನೋ. ನಾಳೆ ಆ ಡಬ್ಬಿ ಕೀಳಲೇಬೇಕು. ಉಸಿರು ನಿಂತುಹೋಯ್ತಾ ಎಂದು ಅವರು ಕೇಳಿದರೆ ನಾನು ಏನು ಹೇಳಲಿ?