ನಾಲ್ಕನೇ ಟೇಬಲ್ಲಿನ ವಿಳಾಸ

ಮಾರ್ಚ್ 3, ಸೋಮವಾರ

ಟ್ರಾನ್ಸ್‌ಫರ್ ಸಿಕ್ಕಿತು, ಸಿಕ್ಕಿತು, ಸಿಕ್ಕೇಬಿಟ್ಟಿತು! ನನ್ನ ಜಿರಾಫೆ ಇರುವ ಊರಿನ ಶಾಖೆಗೇ! ಮೇಡಂ ಆರ್ಡರ್ ಕೈಗಿಟ್ಟಾಗ ಥ್ಯಾಂಕ್ಸ್ ಹೇಳುವುದು ಬಿಟ್ಟು "ಅಯ್ಯೋ" ಅಂದೆ. ಮದುವೆಯಾಗಿ ಇಪ್ಪತ್ತೆರಡು ದಿನ. ಆ ಜಿರಾಫೆ ಗಂಡನ ಜೊತೆ ಇದ್ದದ್ದು ಆರು. ಇನ್ನು ಬೆರಳು ಮಡಚಿ ಎಣಿಸುವ ಕೆಲಸವೇ ಇಲ್ಲ.

ಕಂಡೀಷನ್ ಒಂದೇ. ನಮ್ಮ ಕೃತಕ ಕಾಲಿನ ಸೆಂಟರಿನ ಪೇಷಂಟ್‌ಗಳ ಡೇಟಾಬೇಸ್ ಹಳೇ ಕಂಪ್ಯೂಟರಿನಲ್ಲಿದೆ. ಅದೋ, ಆನ್ ಮಾಡಿದರೆ ಕೆಮ್ಮುತ್ತದೆ. ಎಲ್ಲವನ್ನೂ ಹೊಸದಕ್ಕೆ ಸಾಗಿಸಿ, ಸರಿಯಾಗಿ ಓಡುವಂತೆ ಮಾಡಿದ ಮೇಲೆ ರಿಲೀವಿಂಗ್ ಲೆಟರ್.

"ನಿಮಗೆ ಖುಷಿ, ಗೊತ್ತು. ಆದರೆ ಇಲ್ಲಿ ಬರೋರು ಕಾಲಿಲ್ಲದೆ ಬರ್ತಾರೆ. ಅವರ ಅಳತೆ ಕಳೆದುಹೋದರೆ ನನಗೆ ಖುಷಿ ಆಗಲ್ಲ," ಅಂದರು ಮೇಡಂ.

ಕಳೆಯುವುದು ಹೇಗೆ? ಕಾಪಿ, ಪೇಸ್ಟ್. ಅಷ್ಟೇ ತಾನೇ!

16ರ ಭಾನುವಾರದ ಎಕ್ಸ್‌ಪ್ರೆಸ್ಸಿಗೆ ರಿಸರ್ವ್ ಮಾಡಿಸಿದೆ. ಜಿರಾಫೆಗೆ ಫೋನ್.

"ಒಂದನೇ ಪ್ಲಾಟ್‌ಫಾರ್ಮ್, ಗಡಿಯಾರದ ಕೆಳಗೆ ನಿಂತಿರ್ತೀನಿ."

"ನೀನು ನಿಂತರೆ ಯಾರಿಗೂ ಗಡಿಯಾರ ಕಾಣಲ್ಲ ಕಣೋ."

ಮಾರ್ಚ್ 4

ಕಾಪಿ ಆಯಿತು. ಸುಮ್ಮನಿರಲಾರದೆ ಫೋಲ್ಡರ್‌ಗಳನ್ನೆಲ್ಲ ಬೀರು ಜೋಡಿಸಿದ ಹಾಗೆ ಜೋಡಿಸಿದೆ. ನನ್ನ ನಂತರ ಬರುವವಳು ನೋಡಿ ಕಣ್ಣು ತಂಪು ಮಾಡಿಕೊಳ್ಳಲಿ. ಎಂಥೆಂಥ ಹೆಸರುಗಳಪ್ಪಾ! "ಅಳತೆ ಕಳೆದ ವರ್ಷ ಮುಟ್ಟಬೇಡಿ ಮುಟ್ಟಬೇಡಿ" ಅಂತ ಒಂದು ಫೈಲ್. ಬಾಲ ಕತ್ತರಿಸಿ "ಅಳತೆ" ಅಂತಷ್ಟೇ ಉಳಿಸಿ, "ಇತರೆ" ಫೋಲ್ಡರಿಗೆ ಹಾಕಿದೆ. ಎಷ್ಟು ನೀಟ್!

ಓಪನ್ ಮಾಡಿದರೆ... ಖಾಲಿ. "ಫೈಲ್ ಸಿಗುತ್ತಿಲ್ಲ" ಅನ್ನುತ್ತದೆ. ನಿನ್ನ ಮೂಗಿನ ಕೆಳಗೇ ಇದೆಯಲ್ಲ ಮಹಾರಾಯ! ಎರಡು ಗಂಟೆ ಬೈದೆ, ಅರ್ಧ ಗಂಟೆ ಬೇಡಿಕೊಂಡೆ.

ಸಂಜೆ ಹೊತ್ತಿಗೆ ಸ್ವಲ್ಪ ತಿಳಿಯಿತು. (ತಿಳಿಯಿತಾ?) ನಾವು ನೋಡುವ ಸ್ಕ್ರೀನ್ ಒಂದು ಫೈಲ್. ನಿಜವಾದ ಮಾಹಿತಿ ಬೇರೆ ನಾಲ್ಕು ಫೈಲ್‌ಗಳಲ್ಲಿ, ನಾಲ್ಕು ಟೇಬಲ್ಲು — ಹೆಸರು, ಭೇಟಿ, ರಿಪೇರಿ, ಅಳತೆ. ಸ್ಕ್ರೀನಿಗೆ ಅವುಗಳ ವಿಳಾಸ ಮಾತ್ರ ನೆನಪು. ಅದು ಇನ್ನೂ ಹಳೇ ಕಂಪ್ಯೂಟರಿನ ವಿಳಾಸಕ್ಕೇ ಹೋಗಿ ಬಾಗಿಲು ತಟ್ಟುತ್ತಿದೆ. ಪಾಪ.

ಮಾರ್ಚ್ 5

ಲಿಂಕ್ ಬದಲಾಯಿಸುವ ಜಾಗ ಸಿಕ್ಕಿತು! ಒಂದೊಂದೇ ಟೇಬಲ್ಲಿಗೆ ಹೊಸ ವಿಳಾಸ ತೋರಿಸಿದೆ. ಹೆಸರು, ಆಯಿತು. ಭೇಟಿ, ಆಯಿತು. ರಿಪೇರಿ, ಆಯಿತು. ಅಳತೆಯ ಹೊತ್ತಿಗೆ ಜಿರಾಫೆಯ ಫೋನ್. ಮನೆಗೆ ಕರ್ಟನ್ ತರಲು ಹೋಗಿದ್ದಾನಂತೆ, ಹಳದಿಯೋ ನೀಲಿಯೋ? ಒಂದು ಕೈಯಲ್ಲಿ ಫೋನು, ಒಂದು ಕೈಯಲ್ಲಿ ಮೌಸು. ಹಳದಿ, ಹಳದಿ, ಹಳದಿ!

ಎಲ್ಲ ತೆರೆಯುತ್ತಿದೆ. ಒಂದೂ ಎರರ್ ಇಲ್ಲ. ನಾನು ಜೀನಿಯಸ್.

ಮೇಸ್ತ್ರಿಯ ನೋಟ್‌ಬುಕ್ಕನ್ನೂ ಇಸಿದುಕೊಂಡೆ. ಮೂವತ್ತು ವರ್ಷದಿಂದ ಕಾಲು ಮಾಡುತ್ತಿರುವ ಮನುಷ್ಯ, ಇನ್ನೂ ಪೆನ್ಸಿಲಿನಲ್ಲಿ ಅಳತೆ ಬರೆದಿಡುತ್ತಾರೆ. ನಾನು ಅದನ್ನು ನೋಡಿ ಟೈಪ್ ಮಾಡಿ ಹಸಿರು ಟಿಕ್ ಹಾಕುವುದು.

"ಇನ್ನು ಮೇಲೆ ಪ್ರಿಂಟ್ ಆದ ಚೀಟಿ ನೋಡಿಯೇ ಕೆಲಸ ಮಾಡಿ ಮೇಸ್ತ್ರಿಗಳೇ. ಇದು ನನ್ನ ಡ್ರಾಯರಿನಲ್ಲಿರಲಿ."

"ಆಗಲಿ ಮದುಮಗಳೇ. ನಿಮ್ಮ ಕಂಪ್ಯೂಟರಿಗೆ ಪೆನ್ಸಿಲ್ ಕಂಡರೆ ಹೊಟ್ಟೆಕಿಚ್ಚು."

ಮಾರ್ಚ್ 10, ಸೋಮವಾರ

ವಿಚಿತ್ರ. ಈ ವರ್ಷ ಹೊಸದಾಗಿ ಬಂದವರ ಹೆಸರಿದೆ, ಬಂದ ದಿನ ಇದೆ, ಅಳತೆಯ ಜಾಗ ಖಾಲಿ. ಹನ್ನೊಂದು ಜನರದ್ದು. ವರ್ಕ್‌ಶಾಪಿಗೆ ಹೋಗಿ ದಬಾಯಿಸಿದೆ: "ಅಳತೆ ಯಾಕೆ ಕೊಟ್ಟಿಲ್ಲ?"

"ನೋಟ್‌ಬುಕ್ ನಿಮ್ಮ ಡ್ರಾಯರಿನಲ್ಲೇ ಇದೆಯಲ್ಲ ತಾಯಿ."

ತೆಗೆದು ನೋಡಿದೆ. ಹನ್ನೊಂದೂ ಇವೆ. ಪಕ್ಕದಲ್ಲಿ ಟಿಕ್ ಇದೆ, ನನ್ನದೇ ಹಸಿರು ಇಂಕು. ಅಂದರೆ ಟೈಪ್ ಮಾಡಿದ್ದೇನೆ. ಆದರೆ ಮಾಡಿಲ್ಲ. ಮಾಡಿದ್ದೇನಾ? ತಲೆ ಗಿರ್ ಅಂತು. ಬಹುಶಃ ಟಿಕ್ ಹಾಕುವಾಗೆಲ್ಲ ಜಿರಾಫೆಯ ಜೊತೆ ಫೋನಿನಲ್ಲಿದ್ದೆನೋ ಏನೋ. ಇನ್ನೊಮ್ಮೆ ಟೈಪ್ ಮಾಡಿ, ಬಾಯಿ ಮುಚ್ಚಿಕೊಂಡು ಕೂತೆ.

ಮಾರ್ಚ್ 14, ಶುಕ್ರವಾರ, ಬೆಳಿಗ್ಗೆ 11

ಲೆಟರ್!!! ಸಹಿ, ಸೀಲು, ಎಲ್ಲ! ಬ್ಯಾಗಿನಲ್ಲಿದೆ. ಐದು ಸಲ ಜಿಪ್ ತೆಗೆದು ನೋಡಿದೆ.

ಮಧ್ಯಾಹ್ನ 3.15

ಹೊಲಿಗೆ ಟೀಚರ್‌ಗೆ ಇವತ್ತು ಟ್ರಯಲ್. ಹೋದ ವರ್ಷ ಮಂಡಿಯ ಕೆಳಗೆ ಕಾಲು ತೆಗೆದರು. ಆಮೇಲೆ ಉಳಿದ ಭಾಗ ಇಳಿದು ತೆಳ್ಳಗಾಯಿತು. ಎಲ್ಲರಿಗೂ ಹಾಗಾಗುತ್ತದಂತೆ. ಮೊದಲು ಕೊಟ್ಟ ಕಾಲಿನಲ್ಲಿ ಆ ಭಾಗ ಕೂರುವ ಬಟ್ಟಲು ಸಡಿಲವಾಯಿತು ಅಂತಲೇ ಹೊಸದು ಮಾಡಿಸಲು ಬಂದವರು.

ವರ್ಕ್‌ಶಾಪಿನಲ್ಲಿ ಬೆಲ್ಟ್ ಹೊಲಿಯುವ ಕಾಲುಮೆಷಿನ್ ಇದೆ. "ಅದರ ಮೇಲೇ ಕೂರ್ತೀನಿ, ಮೆಷಿನ್ ತುಳಿಯೋಕೆ ತಾನೇ ನನಗೆ ಕಾಲು," ಅಂದರು. ಕೂತರು. ತುಳಿದರು. ಪಾದ ಪೆಡಲಿನ ಮೇಲೆ, ಬಟ್ಟಲು ಮಾತ್ರ ಹಿಡಿತ ತಪ್ಪಿದ ಮುಚ್ಚಳದ ಹಾಗೆ ಸುತ್ತಿತು. ಬೀಳುತ್ತಿದ್ದವರನ್ನು ಮೇಸ್ತ್ರಿ ಹಿಡಿದುಕೊಂಡರು.

ಹಳೇದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟರೆ... ಅವಳಿಜವಳಿ.

"ಇದಕ್ಕಾ ನಾನು ಎರಡು ಬಸ್ ಬದಲಾಯಿಸಿ ಬಂದದ್ದು? ಹಳೇದನ್ನೇ ಒರೆಸಿ ಕೊಟ್ಟಿದ್ದೀರಾ?" ಅಂದರು ಟೀಚರ್. ನಗುತ್ತಲೇ ಅಂದರು. ಕಣ್ಣು ನಗಲಿಲ್ಲ.

ಮೇಡಂ ಕೆಂಡ. "ಏನ್ ಅಳತೆ ತಗೊಂಡಿದ್ರಿ ಮೇಸ್ತ್ರಿ? ಸೋಮವಾರದಿಂದ ಅಳತೆ ಬೇರೆಯವರು ನೋಡ್ಲಿ. ನೀವು ಬೆಲ್ಟ್ ಹೊಲೀರಿ ಸಾಕು."

"ಚೀಟಿಯಲ್ಲಿದ್ದದ್ದೇ ಮಾಡಿದೆ ಮೇಡಂ. ಆದರೂ ಕೈಗೆ ಗೊತ್ತಾಗಬೇಕಿತ್ತು," ಅಂದರು ಮೇಸ್ತ್ರಿ. ತಮ್ಮ ಕೈಯನ್ನೇ ನೋಡಿಕೊಳ್ಳುತ್ತಿದ್ದರು.

4.40

ಡ್ರಾಯರಿನ ನೋಟ್‌ಬುಕ್: ಟೀಚರ್, ಫೆಬ್ರವರಿ, ಸುತ್ತಳತೆ ಮೂವತ್ತೊಂದು ಸೆಂಟಿಮೀಟರ್. ಚೀಟಿಯಲ್ಲಿ: ಮೂವತ್ತಾರು.

ಲಿಂಕ್‌ಗಳ ಪಟ್ಟಿ ತೆಗೆದೆ. ಮೂರು ಟೇಬಲ್ಲಿನ ವಿಳಾಸ ಒಂದೇ ಥರ. ನಾಲ್ಕನೆಯದರಲ್ಲಿ — "ಇತರೆ".

ಅಲ್ಲಿರುವ "ಅಳತೆ" ಕಳೆದ ವರ್ಷದ್ದು. ನಾನೇ ಬಾಲ ಕತ್ತರಿಸಿದ್ದು. ಕರ್ಟನ್. ಹಳದಿ.

ಅದಕ್ಕೇ ಎರರ್ ಬರಲಿಲ್ಲ. ಕೇಳಿದ ಹೆಸರಿನ ಫೈಲ್ ಸಿಕ್ಕಿತು, ಸುಮ್ಮನಾಯಿತು. ಒಂಬತ್ತು ದಿನದಿಂದ ಹೊಸ ಅಳತೆಗಳೆಲ್ಲ ಹಳೇ ಫೈಲಿಗೆ ಬೀಳುತ್ತಿವೆ. ಹಸಿರು ಟಿಕ್ ಹಾಕಿದ ಹನ್ನೊಂದು ಸರಿಯಾದ ಫೈಲಿನಲ್ಲಿ ಭದ್ರವಾಗಿ ಕೂತಿವೆ, ನಾನು ನೋಡುತ್ತಿಲ್ಲ ಅಷ್ಟೇ.

ಯಾರಿಗೂ ಗೊತ್ತಿಲ್ಲ. ಈಗ ಲಿಂಕ್ ಬದಲಾಯಿಸಿದರೆ ಒಂದು ನಿಮಿಷ. ಆದರೆ ಒಂಬತ್ತು ದಿನದ ಚೀಟಿಗಳು? ಮೇಸ್ತ್ರಿ? ಹೇಳಿದರೆ ಲೆಟರ್ ವಾಪಸ್. ಬ್ಯಾಗಿನ ಜಿಪ್ಪನ್ನೇ ನೋಡುತ್ತಾ ಕೂತೆ.

ಆಗಲೇ ಮೇಸ್ತ್ರಿ ಬಂದರು. ಚರ್ಮದ ಟ್ಯಾಗ್ ಒಂದನ್ನು ಹೊಲಿದು ತಂದಿದ್ದಾರೆ. "ಸೂಟ್‌ಕೇಸಿಗೆ ಕಟ್ಟಿ ತಾಯಿ. ವಿಳಾಸ ಬರೆದಿಡಿ, ರೈಲಿನಲ್ಲಿ ಎಲ್ಲ ಒಂದೇ ಥರ ಕಾಣುತ್ತೆ."

ಟ್ಯಾಗ್ ಹಿಡಿದೇ ಎದ್ದೆ. ಮೇಡಂ ಕೋಣೆಗೆ ಹೋದೆ.

ಮಾರ್ಚ್ 16, ಭಾನುವಾರ

ಶುಕ್ರವಾರ ಮೇಡಂ ಪೂರ್ತಿ ಕೇಳಿಸಿಕೊಂಡರು. ಬೈಯಲಿಲ್ಲ. ಕೈ ಚಾಚಿ "ಲೆಟರ್" ಅಂದರು, ಅಷ್ಟೇ. ಆಮೇಲೆ ಮೇಸ್ತ್ರಿಯನ್ನು ಕರೆಸಿ, "ಮೇಸ್ತ್ರಿಗಳೇ, ಕೂತ್ಕೊಳ್ಳಿ," ಅಂದರು. ಆ ಕೋಣೆಯಲ್ಲಿ ಅವರು ಕೂತದ್ದನ್ನು ನಾನು ಇದೇ ಮೊದಲು ನೋಡಿದ್ದು. ಕುರ್ಚಿಯ ತುದಿಯಲ್ಲಿ, ಅದು ಮುರಿದೀತೇನೋ ಅನ್ನುವ ಹಾಗೆ.

ಇವತ್ತು ರಜೆಯಾದರೂ ಆಫೀಸಿಗೆ ಹೋದೆ. ಮೇಸ್ತ್ರಿ ನೋಟ್‌ಬುಕ್ ಓದುವುದು, ನಾನು ನೋಡುವುದು. ನಲವತ್ಮೂರು ಚೀಟಿ. ತಪ್ಪು ಅಳತೆ ಇನ್ನಿಬ್ಬರದ್ದು ಸಿಕ್ಕಿತು. ಪುಣ್ಯಕ್ಕೆ ಕೆಲಸ ಶುರುವಾಗಿರಲಿಲ್ಲ.

ಎಕ್ಸ್‌ಪ್ರೆಸ್ ಆ ಊರು ತಲುಪುವ ಹೊತ್ತಿಗೆ ಜಿರಾಫೆಯ ಫೋನ್.

"ಎಲ್ಲಿದೀಯ? ಎಲ್ಲಾ ಬೋಗಿ ಇಣುಕಿದೆ."

"ಶುಕ್ರವಾರವೇ ಮೆಸೇಜ್ ಹಾಕಿದ್ನಲ್ಲೋ, ಬರಲ್ಲ ಅಂತ!"

"ಅದು... ಮದುವೆಗೆ ಮುಂಚಿನ ನನ್ನ ಹಳೇ ನಂಬರಿಗೆ ಹಾಕಿರ್ತೀಯ."

ಹೌದು. ಫೋನಿನಲ್ಲಿ ಹೇಳಲು ಮುಖವಿಲ್ಲದೆ ಮೆಸೇಜ್ ಹಾಕಿ ಕೂತದ್ದರ ಫಲ. ಅಳಬೇಕೋ ನಗಬೇಕೋ. ಎರಡೂ ಮಾಡಿದೆ. ಅವನು ಗಡಿಯಾರದ ಕೆಳಗೆ ನಿಂತೇ, ಫೋನ್ ಇಡದೆ, ಕೇಳಿಸಿಕೊಂಡ. "ಕರ್ಟನ್ ವಿಷಯಕ್ಕೆ ಫೋನ್ ಮಾಡಿದ್ದು ನಾನು. ಅರ್ಧ ತಪ್ಪು ನಂದೂ ಅಂತ ಬರ್ಕೋ," ಅಂದ. ಬರೆದುಕೊಂಡೆ, ಇಗೋ.

ಮಾರ್ಚ್ 19, ಬುಧವಾರ, ಸಂಜೆ

ನಾಲ್ಕನೇ ಟೇಬಲ್ಲು ತನ್ನ ಮನೆ ಸೇರಿ ಮೂರು ದಿನ. ಒಂಬತ್ತು ದಿನದ ಅಳತೆಗಳನ್ನು ಒಂದೊಂದೇ ಸಾಗಿಸಿ ಆಯಿತು. ಹಳೇ ಫೈಲಿಗೆ ಅದರ ಬಾಲ ಮತ್ತೆ ಅಂಟಿಸಿದೆ, ಇನ್ನೊಂದು "ಮುಟ್ಟಬೇಡಿ" ಸೇರಿಸಿ. ನೋಟ್‌ಬುಕ್ ಮೇಸ್ತ್ರಿಯ ಜೇಬಿಗೆ ವಾಪಸ್. ಅಳತೆ ಕೆಲಸವೂ ಅವರಿಗೇ. ಇನ್ನು ಪ್ರತಿ ಚೀಟಿಯನ್ನೂ ನೋಟ್‌ಬುಕ್ಕಿಗೆ ತಾಳೆ ನೋಡಿಯೇ ಕೊಡಬೇಕು ಅಂತ ಮೇಡಂ ಆರ್ಡರ್. ಎಲ್ಲ ಅರ್ಥವಾಯಿತಾ ಅಂದರೆ, ಮುಕ್ಕಾಲು.

ಮಧ್ಯಾಹ್ನ ಟೀಚರ್ ಬಂದರು. ಕಾಲುಮೆಷಿನ್ ಮೇಲೆ ಕೂತು ತುಳಿದರು. ಬಟ್ಟಲು ಅಲ್ಲಾಡಲಿಲ್ಲ. ತುಳಿದರು, ತುಳಿದರು, ನಿಲ್ಲಿಸಲೇ ಇಲ್ಲ. ಮೇಸ್ತ್ರಿಯ ಬೆಲ್ಟೊಂದು ಸೂಜಿಯ ಕೆಳಗೇ ಇತ್ತು, ಅದರ ಮೇಲೆ ಸಾಲು ಸಾಲು ಹೊಲಿಗೆ.

"ರೀ, ನನ್ನ ಬೆಲ್ಟು!" ಅಂದರು ಮೇಸ್ತ್ರಿ.

"ಹಾಕ್ಕೊಳ್ಳಿ, ಇನ್ನು ಜನ್ಮದಲ್ಲಿ ಕಿತ್ತು ಬರಲ್ಲ," ಅಂದರು ಟೀಚರ್.

ಬಾಗಿಲಲ್ಲಿ ನಿಂತಿದ್ದ ಮೇಡಂ ನನ್ನ ಟೇಬಲ್ಲಿನ ಮೇಲೆ ಲೆಟರ್ ಇಟ್ಟು ಹೋದರು. ತಾರೀಖು ತಿದ್ದಿ, ತಿದ್ದಿದ ಕಡೆ ಇನ್ನೊಂದು ಸಹಿ.

ಎಕ್ಸ್‌ಪ್ರೆಸ್ಸಿನಲ್ಲಿ ಸೀಟಿಲ್ಲ. ಪರವಾಗಿಲ್ಲ! ಟ್ಯಾಗಿನಲ್ಲಿ ವಿಳಾಸ ಬರೆದು ಎರಡು ಸಲ ಓದಿದೆ. ಜಿರಾಫೆಯ ಹೊಸ ನಂಬರಿಗೆ ಫೋನ್ ಮಾಡಿ, ಅವನ ಬಾಯಿಂದಲೇ ಮೂರು ಸಲ ಹೇಳಿಸಿದೆ. ಗಡಿಯಾರದ ಕೆಳಗಲ್ಲ, ಮೇಲ್ಸೇತುವೆ ದಾಟಿ ನಾಲ್ಕನೇ ಪ್ಲಾಟ್‌ಫಾರ್ಮ್. ನಾಡಿದ್ದು ಶುಕ್ರವಾರ, ಸಂಜೆ ಐದೂ ಇಪ್ಪತ್ತಕ್ಕೆ ತಲುಪುವ ಪ್ಯಾಸೆಂಜರ್.